ಬೇರಿಂಗ್ ಉಕ್ಕನ್ನು ಶುಚಿಯಾಗಿ ತಯಾರಿಸುವ ಕ್ರಮ: ಕುಲುಮೆಯಿಂದ ಬ್ಲೂಮ್‌ವರೆಗೆ

ಸರಿಯಾಗಿ ಕೂರಿಸಿದ, ಎಣ್ಣೆ ಚೆನ್ನಾಗಿ ಸಿಗುತ್ತಿರುವ ಬೇರಿಂಗ್‌ನ ಸೋಲು ಹೆಚ್ಚಾಗಿ ಮೇಲ್ಮೈಯ ಕೆಳಗಿನಿಂದ ಶುರುವಾಗುತ್ತದೆ. ಗುಂಡು ಅಥವಾ ರೋಲರ್ ಉರುಳುವಾಗ ಸಂಪರ್ಕದ ಒತ್ತಡ 1.5ರಿಂದ 3 ಗಿಗಾಪಾಸ್ಕಲ್‌ವರೆಗೆ ಏರಬಲ್ಲದು. ಲೋಹದ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಬಲ ಗರಿಷ್ಠವಾಗುವುದು ಮೇಲ್ಮೈಯಿಂದ ಮಿಲಿಮೀಟರಿನ ಕೆಲವು ಹತ್ತನೇ ಭಾಗದಷ್ಟು ಆಳದಲ್ಲಿ. ಆ ಪದರದಲ್ಲಿ ಗಟ್ಟಿಯಾದ ಆಕ್ಸೈಡ್ ಕಣವೊಂದು ಸಿಕ್ಕಿಕೊಂಡಿದ್ದರೆ ಅದರ ಅಂಚಿನಲ್ಲಿ ಒತ್ತಡ ಕೇಂದ್ರೀಕರಿಸುತ್ತದೆ. ಅಲ್ಲಿ ಬಿರುಕು ಹುಟ್ಟಿ, ಮೇಲಕ್ಕೆ ಬೆಳೆದು, ಕೊನೆಗೆ ರೇಸ್‌ನಿಂದ, ಅಂದರೆ ಗುಂಡು ಉರುಳುವ ಉಂಗುರದ ಹಾದಿಯಿಂದ, ಒಂದು ಚಕ್ಕೆ ಎದ್ದು ಬರುತ್ತದೆ.

ಹೀಗಾಗಿ ಉಕ್ಕಿನಲ್ಲಿ ಒಟ್ಟು ಎಷ್ಟು ಅಲೋಹ ಕಣಗಳಿವೆ ಎಂಬುದಕ್ಕಿಂತ ಅವುಗಳಲ್ಲಿ ಅತಿ ದೊಡ್ಡದು ಎಷ್ಟಿದೆ ಎಂಬುದು ಮುಖ್ಯ. ಈ ಕಣಗಳನ್ನು ಕಾರ್ಖಾನೆಯಲ್ಲಿ ಇನ್‌ಕ್ಲೂಷನ್ ಎನ್ನುತ್ತಾರೆ. ಒಟ್ಟು ಆಮ್ಲಜನಕ 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಭಾಗ) ಇರುವ ಉಕ್ಕನ್ನು ಎಲ್ಲರೂ ಶುಚಿ ಎಂದೇ ಒಪ್ಪುತ್ತಾರೆ. ಆದರೂ ಲೆಕ್ಕ ಹಾಕಿ ನೋಡಿ: ಒಂದು ಟನ್ನಿನಲ್ಲಿ 5 ಗ್ರಾಂ ಆಮ್ಲಜನಕ ಎಂದರೆ ಸುಮಾರು 10.6 ಗ್ರಾಂ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದಷ್ಟೂ 10 ಮೈಕ್ರಾನ್ ಕಣಗಳಾಗಿ ಹರಡಿದ್ದರೆ ಪ್ರತಿ ಕಿಲೋ ಉಕ್ಕಿನಲ್ಲಿ ಸುಮಾರು 50 ಲಕ್ಷ ಕಣಗಳು. ಅದೇ 5 ಪಿಪಿಎಂ ಒಳಗೆ 100 ಮೈಕ್ರಾನಿನ ಒಂದೆರಡು ಕಣಗಳು ಅಡಗಿದ್ದರೆ ವಿಶ್ಲೇಷಣೆಯ ಅಂಕಿ ಅಲುಗುವುದೇ ಇಲ್ಲ, ಬೇರಿಂಗ್ ಮಾತ್ರ ಬೇಗ ಸಾಯುತ್ತದೆ.

ಕೆಳಗಿನ ಹಂತಗಳೆಲ್ಲ ಒಂದೇ ನಿಯಮದ ಮೇಲೆ ನಿಂತಿವೆ. ಆಕ್ಸೈಡ್ ಹುಟ್ಟುವುದನ್ನು ತಪ್ಪಿಸಲಾಗದಿದ್ದರೆ ಅದು ಬೇಗ ಹುಟ್ಟಲಿ, ಮೇಲೇರಲು ಅದಕ್ಕೆ ಸಮಯ ಸಿಗಲಿ. ನಿರ್ವಾತ ಸಂಸ್ಕರಣೆ ಮುಗಿದ ಮೇಲೆ ಹೊಸದೇನೂ ಹುಟ್ಟಬಾರದು.

ಗುರಿಯ ಅಂಕಿಗಳು

ಇಲ್ಲಿ ಹೇಳುತ್ತಿರುವುದು 52100 ಅಥವಾ 100ಸಿಆರ್6 ಎಂದು ಕರೆಯುವ ಉಕ್ಕಿನ ಬಗ್ಗೆ: ಇಂಗಾಲ 0.93–1.05%, ಕ್ರೋಮಿಯಂ 1.35–1.60%, ಮ್ಯಾಂಗನೀಸ್ 0.25–0.45%, ಸಿಲಿಕಾನ್ 0.15–0.35%. ರಂಜಕ 0.025%, ಗಂಧಕ 0.015% ಮೀರಬಾರದು. ಎಎಸ್‌ಟಿಎಂ ಎ295 ಮಾನದಂಡ ಆಮ್ಲಜನಕಕ್ಕೆ 15 ಪಿಪಿಎಂ, ಟೈಟಾನಿಯಂಗೆ 30, ಕ್ಯಾಲ್ಸಿಯಂಗೆ 10 ಪಿಪಿಎಂ ಮಿತಿ ಹಾಕುತ್ತದೆ. ಇವು ಪಾಸಾಗಲು ಸಾಕಾದ ಅಂಕಿಗಳು, ದೀರ್ಘ ಬಾಳಿಕೆಗೆ ಸಾಲವು. ಕೆಲಸದ ಗುರಿ ಹೀಗಿರಲಿ: ಆಮ್ಲಜನಕ 6 ಪಿಪಿಎಂಗಿಂತ ಕಡಿಮೆ, ಟೈಟಾನಿಯಂ 15ಕ್ಕಿಂತ ಕಡಿಮೆ, ಕ್ಯಾಲ್ಸಿಯಂ ಒಂದೆರಡು ಪಿಪಿಎಂ, ಜಲಜನಕ 2ಕ್ಕಿಂತ ಕಡಿಮೆ.

1. ಕಚ್ಚಾವಸ್ತು: ಟೈಟಾನಿಯಂ ಎಲ್ಲಿಂದ ಬರುತ್ತದೆ

ಟೈಟಾನಿಯಂ ನೈಟ್ರೈಡ್ ಚೂಪು ಮೂಲೆಗಳ, ಅತಿ ಗಟ್ಟಿಯಾದ ಕಣ. ಅಷ್ಟೇ ಗಾತ್ರದ ದುಂಡನೆಯ ಆಕ್ಸೈಡ್‌ಗಿಂತ ಇದರ ಹಾನಿ ಹೆಚ್ಚು. ಉಕ್ಕು ಗಟ್ಟಿಯಾಗುವ ಕೊನೆಯ ಘಟ್ಟದಲ್ಲಿ, ಉಳಿದ ದ್ರವದಲ್ಲಿ ಟೈಟಾನಿಯಂ ಮತ್ತು ಸಾರಜನಕ ಸಾಂದ್ರವಾದಾಗ ಇದು ಹುಟ್ಟುತ್ತದೆ. ಆ ಹೊತ್ತಿಗೆ ಅದನ್ನು ಮೇಲೆತ್ತಿ ತೆಗೆಯುವ ದಾರಿಯೇ ಇರುವುದಿಲ್ಲ. ತಡೆಯುವುದಿದ್ದರೆ ಮೂಲದಲ್ಲೇ ತಡೆಯಬೇಕು.

ಮುಖ್ಯ ಮೂಲ ಫೆರೋಕ್ರೋಮ್, ಅಂದರೆ ಕ್ರೋಮಿಯಂ ಸೇರಿಸಲು ಹಾಕುವ ಕಬ್ಬಿಣ-ಕ್ರೋಮಿಯಂ ಮಿಶ್ರಲೋಹ. 1.45% ಕ್ರೋಮಿಯಂ ಬರಬೇಕಾದರೆ, 65% ಕ್ರೋಮಿಯಂ ಇರುವ ಫೆರೋಕ್ರೋಮ್ ಟನ್ನಿಗೆ ಸುಮಾರು 22 ಕಿಲೋ ಬೇಕು. ಅದರಲ್ಲಿ 0.3% ಟೈಟಾನಿಯಂ ಇದ್ದರೆ ಉಕ್ಕಿಗೆ 66 ಪಿಪಿಎಂವರೆಗೆ ಸೇರಬಹುದು, 0.02% ಇದ್ದರೆ ನಾಲ್ಕೈದು ಪಿಪಿಎಂ ಮಾತ್ರ. ಬೇರಿಂಗ್ ಉಕ್ಕಿಗೆಂದೇ ಕಡಿಮೆ ಟೈಟಾನಿಯಂನ ಫೆರೋಕ್ರೋಮ್ ಕೊಳ್ಳಬೇಕು ಎನ್ನುವುದಕ್ಕೆ ಈ ಒಂದು ಲೆಕ್ಕ ಸಾಕು. ಪ್ರತಿ ಲಾಟ್ ಬಂದಾಗ ಟೈಟಾನಿಯಂ ಪರೀಕ್ಷಿಸಿ, ಪ್ರತ್ಯೇಕ ಬಂಕರ್‌ನಲ್ಲಿ ಇಡಿ. ಸಾಮಾನ್ಯ ಫೆರೋಕ್ರೋಮ್ ಜೊತೆ ಬಂಕರ್ ಹಂಚಿಕೊಂಡಲ್ಲಿ ಕಲಬೆರಕೆ ಆಗಿಯೇ ಆಗುತ್ತದೆ.

ಫೆರೋಸಿಲಿಕಾನ್ ಟನ್ನಿಗೆ ಮೂರ್ನಾಲ್ಕು ಕಿಲೋ ಮಾತ್ರ ಬೀಳುತ್ತದೆ. ಆದರೆ ಅದರ ಜೊತೆಯಲ್ಲೇ ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಟೈಟಾನಿಯಂ ಮೂರೂ ಬರುವುದರಿಂದ ಶುದ್ಧ ದರ್ಜೆಯದನ್ನೇ ಬಳಸಿ. ಇಂಗಾಲ ಸೇರಿಸುವ ಪುಡಿಯಲ್ಲಿ ಗಂಧಕ ಮತ್ತು ಸಾರಜನಕ ಕಡಿಮೆಯಿರಲಿ. ಸುಣ್ಣ ಹೊಸದಾಗಿ ಸುಟ್ಟದ್ದಾಗಿರಬೇಕು. ತೇವ ಹೀರಿದ ಸುಣ್ಣ ಉಕ್ಕಿಗೆ ಜಲಜನಕ ತುಂಬುತ್ತದೆ, ಮುಂದೆ ನಿರ್ವಾತದ ಸಮಯವನ್ನು ಅದೇ ತಿನ್ನುತ್ತದೆ.

2. ಕುಲುಮೆ: ಇಂಗಾಲವನ್ನು ಪೂರ್ತಿ ಸುಡಬೇಡಿ

1600 ಡಿಗ್ರಿಯಲ್ಲಿ ದ್ರವ ಉಕ್ಕಿನ ಇಂಗಾಲ ಮತ್ತು ಕರಗಿದ ಆಮ್ಲಜನಕದ ಶೇಕಡಾಗಳ ಗುಣಲಬ್ಧ ಸುಮಾರು 0.0025ರ ಆಸುಪಾಸಿನಲ್ಲಿರುತ್ತದೆ. ಇಂಗಾಲವನ್ನು 0.05%ಕ್ಕೆ ಇಳಿಸಿ ಟ್ಯಾಪ್ ಮಾಡಿದರೆ (ಕುಲುಮೆಯಿಂದ ಉಕ್ಕನ್ನು ಹೊರಹರಿಸಿದರೆ) ಆಮ್ಲಜನಕ ಕನಿಷ್ಠ 500 ಪಿಪಿಎಂ, 0.25%ದಲ್ಲಿ ನಿಲ್ಲಿಸಿದರೆ ಸುಮಾರು 100. ವಾಸ್ತವದಲ್ಲಿ ಎರಡೂ ಇದಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತವೆ, ಆದರೆ ಅಂತರ ಹಾಗೇ ಉಳಿಯುತ್ತದೆ. ಆ 400 ಪಿಪಿಎಂ ಅಂತರವನ್ನು ಅಲ್ಯೂಮಿನಿಯಂ ಹಾಕಿ ತೆಗೆಯಬೇಕಾದರೆ 100 ಟನ್ ಹೀಟ್‌ನಲ್ಲಿ (ಒಂದು ಸಲಕ್ಕೆ ಕರಗಿಸುವ ಉಕ್ಕಿನಲ್ಲಿ) 85 ಕಿಲೋ ಅಲ್ಯೂಮಿನಾ ಹುಟ್ಟುತ್ತದೆ. ಉಕ್ಕಿನಲ್ಲಿ ಕೊನೆಗೆ ಬೇಕಾದದ್ದು 1% ಇಂಗಾಲವೇ ಆಗಿರುವಾಗ ಅದನ್ನು ಮೊದಲು ಸುಟ್ಟು, ಮತ್ತೆ ಪುಡಿಯಾಗಿ ಸುರಿದು, ಜೊತೆಗೆ ಇಷ್ಟು ಕಲ್ಮಶವನ್ನೂ ಮಾಡಿಕೊಳ್ಳುವುದಕ್ಕೆ ಅರ್ಥವಿಲ್ಲ.

ಅಡ್ಡಿ ರಂಜಕದ್ದು. ಇಂಗಾಲ ಹೆಚ್ಚಿರುವಾಗ, ಉಷ್ಣತೆ ಏರಿದಾಗ ರಂಜಕ ಹೊರಹೋಗುವುದು ಕಷ್ಟ. ಆದ್ದರಿಂದ ಸುಣ್ಣ ಮತ್ತು ಆಮ್ಲಜನಕವನ್ನು ಮೊದಲೇ ಕೊಟ್ಟು, ಕರಗುವ ಹಂತದಲ್ಲೇ, ಉಷ್ಣತೆ ಇನ್ನೂ ಕಡಿಮೆಯಿರುವಾಗ ನೊರೆ ಸ್ಲ್ಯಾಗ್ (ಸ್ಲ್ಯಾಗ್ ಎಂದರೆ ಉಕ್ಕಿನ ಮೇಲೆ ತೇಲುವ ಕರಗಿದ ಆಕ್ಸೈಡ್ ಪದರ) ಎಬ್ಬಿಸಿ ರಂಜಕ ಹೊತ್ತ ಆ ಸ್ಲ್ಯಾಗನ್ನು ಬಾಗಿಲಿನಿಂದ ಹರಿಯಲು ಬಿಡಿ. ಕುಲುಮೆಗೆ ದ್ರವ ಬೀಡುಕಬ್ಬಿಣ ಅಥವಾ ಪಿಗ್ ಐರನ್ ಹಾಕುವ ಅನುಕೂಲವಿದ್ದರೆ ಇಂಗಾಲ ಹಿಡಿದು ನಿಲ್ಲಿಸುವುದು ಸುಲಭ. ಗುಜರಿಯಿಂದ ಬರುವ ತಾಮ್ರ, ತವರದ ಪ್ರಮಾಣವೂ ತಗ್ಗುತ್ತದೆ.

3. ಟ್ಯಾಪಿಂಗ್: ಅಲ್ಯೂಮಿನಿಯಂ ಹಾಕುವ ಹೊತ್ತು ಇದೇ

ಕುಲುಮೆಯ ಸ್ಲ್ಯಾಗ್‌ನಲ್ಲಿ ಕಬ್ಬಿಣದ ಆಕ್ಸೈಡ್ 20–30% ಇರುತ್ತದೆ. ಅದು ಲ್ಯಾಡಲ್‌ಗೆ, ಅಂದರೆ ಉಕ್ಕು ಹಿಡಿಯುವ ಪಾತ್ರೆಗೆ, ಬಿದ್ದರೆ ಮುಂದಿನ ಒಂದು ಗಂಟೆಯೂ ಉಕ್ಕಿಗೆ ಆಮ್ಲಜನಕ ಒದಗಿಸುತ್ತ ಕೂರುತ್ತದೆ. ತಳದಿಂದ ಟ್ಯಾಪ್ ಆಗುವ ಕುಲುಮೆಯಲ್ಲಿ 10–15% ಉಕ್ಕನ್ನು ಒಳಗೇ ಉಳಿಸಿ, ಧಾರೆಯಲ್ಲಿ ಸ್ಲ್ಯಾಗ್ ಕಾಣುವ ಮೊದಲೇ ಕುಲುಮೆಯನ್ನು ಹಿಂದಕ್ಕೆ ವಾಲಿಸಿ. ಜಾರಿಬಂದ ಸ್ಲ್ಯಾಗ್ ಟನ್ನಿಗೆ 3–5 ಕಿಲೋ ಮೀರಬಾರದು. ಮೀರಿತು ಎನಿಸಿದರೆ ಲ್ಯಾಡಲ್ ಬಾಯಿಂದ ಅದನ್ನು ಕೆರೆದು ತೆಗೆದು ಹೊಸ ಸ್ಲ್ಯಾಗ್ ಕಟ್ಟಿ. ಹತ್ತು ನಿಮಿಷ ಹೋಗುತ್ತದೆ, ಹೀಟ್ ಉಳಿಯುತ್ತದೆ.

ಅಲ್ಯೂಮಿನಿಯಂನ ಮುಖ್ಯ ಪಾಲನ್ನು ಧಾರೆಯ ಜೊತೆಗೇ, ಲ್ಯಾಡಲ್ ನಾಲ್ಕನೇ ಒಂದು ಭಾಗ ತುಂಬುವಷ್ಟರಲ್ಲಿ ಹಾಕಿ. ಆಗ ಹುಟ್ಟುವ ಅಲ್ಯೂಮಿನಾ ಧಾರೆಯ ರಭಸದಲ್ಲಿ ಒಂದಕ್ಕೊಂದು ಅಂಟಿ ದೊಡ್ಡ ಗೊಂಚಲಾಗುತ್ತದೆ, ದೊಡ್ಡ ಗೊಂಚಲು ಬೇಗ ಮೇಲೇರುತ್ತದೆ. ಉಕ್ಕು ಲ್ಯಾಡಲ್ ಕುಲುಮೆಗೆ (ಲ್ಯಾಡಲ್‌ನಲ್ಲೇ ಉಕ್ಕನ್ನು ಕಾಯಿಸಿ ಶುದ್ಧಿಮಾಡುವ ಮುಂದಿನ ಘಟಕಕ್ಕೆ) ಬಂದಾಗ ಅಲ್ಯೂಮಿನಿಯಂ 0.05%ದ ಹತ್ತಿರ ಇರಲಿ. ಅದು ಸ್ಲ್ಯಾಗನ್ನು ಅಪಕರ್ಷಿಸುತ್ತ (ಅದರಿಂದ ಆಮ್ಲಜನಕ ಕಿತ್ತುಕೊಳ್ಳುತ್ತ) ನಿಧಾನವಾಗಿ ಇಳಿದು ಕೊನೆಗೆ 0.015–0.025%ಕ್ಕೆ ಬರಬೇಕು. ಮೊದಲು ಕಡಿಮೆ ಹಾಕಿ ಕೊನೆಯಲ್ಲಿ ಅಲ್ಯೂಮಿನಿಯಂ ತಂತಿ ಬಿಟ್ಟು ಸರಿಮಾಡುವುದು ಅತಿ ಸಾಮಾನ್ಯವಾದ ತಪ್ಪು. ಕೊನೆಯ ಹತ್ತು ಕಿಲೋ ತಂತಿ ಹುಟ್ಟಿಸುವ ಅಲ್ಯೂಮಿನಾಕ್ಕೆ ಮೇಲೇರಲು ಸಮಯವೇ ಉಳಿದಿರುವುದಿಲ್ಲ.

ಲ್ಯಾಡಲ್‌ನ ಹಿಂದಿನ ಚರಿತ್ರೆಯನ್ನೂ ನೋಡಿ. ಗೋಡೆಯ ಇಟ್ಟಿಗೆಗೆ ಹಿಂದಿನ ಹೀಟ್‌ನ ಸ್ಲ್ಯಾಗ್ ಮೆತ್ತಿಕೊಂಡಿರುತ್ತದೆ, ಹೊಸ ಉಕ್ಕಿನ ಬಿಸಿಗೆ ಅದು ಬಿಡಿಸಿಕೊಂಡು ಒಳಗೆ ಸೇರುತ್ತದೆ. ಕ್ಯಾಲ್ಸಿಯಂ ಸಂಸ್ಕರಿಸಿದ ಉಕ್ಕು ಅಥವಾ ಟೈಟಾನಿಯಂ ಸೇರಿಸಿದ ಉಕ್ಕು ಹಿಡಿದಿದ್ದ ಲ್ಯಾಡಲ್‌ಗೆ ಬೇರಿಂಗ್ ಉಕ್ಕು ಸುರಿಯಬೇಡಿ.

4. ಲ್ಯಾಡಲ್ ಕುಲುಮೆ: ಸ್ಲ್ಯಾಗ್‌ನ ಸಮತೋಲ

ಒಳ್ಳೆಯ ಸ್ಲ್ಯಾಗ್‌ನ ಗುರುತು ಬಿಳಿ ಬಣ್ಣ: ಮಾದರಿ ತೆಗೆದು ತಣಿಸಿದಾಗ ಬಿಳಿಯಾಗಿ, ಪುಡಿಯಾಗಿ ಉದುರಬೇಕು. ಕಪ್ಪು ಅಥವಾ ಕಂದು ಇದ್ದರೆ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡ್ ಇನ್ನೂ ಉಳಿದಿದೆ ಎಂದರ್ಥ. ಆ ಎರಡರ ಮೊತ್ತ 1%ಕ್ಕಿಂತ, ಸಾಧ್ಯವಾದರೆ 0.5%ಕ್ಕಿಂತ ಕೆಳಗೆ ಬರಬೇಕು. ಬಿಳಿಯಾದ ಮೇಲೂ ಕನಿಷ್ಠ 20–30 ನಿಮಿಷ ಹಾಗೇ ಉಳಿಸಿಕೊಳ್ಳಿ.

ಸುಣ್ಣ ಮತ್ತು ಅಲ್ಯೂಮಿನಾದ ಅನುಪಾತ 1.5–1.8ರ ನಡುವೆ ಇದ್ದರೆ ಸ್ಲ್ಯಾಗ್ ತೆಳುವಾಗಿದ್ದು ಅಲ್ಯೂಮಿನಾ ಕಣಗಳನ್ನು ಚೆನ್ನಾಗಿ ಹೀರುತ್ತದೆ. ಮೆಗ್ನೀಷಿಯಾ 5–8% ಇಡಿ, ಇಲ್ಲವಾದರೆ ಸ್ಲ್ಯಾಗ್ ತನಗೆ ಬೇಕಾದದ್ದನ್ನು ಲ್ಯಾಡಲ್ ಇಟ್ಟಿಗೆಯಿಂದಲೇ ತೆಗೆದುಕೊಳ್ಳುತ್ತದೆ.

ಇಲ್ಲಿ ಎಚ್ಚರ ಬೇಕಾದ ಒಂದು ಹಗ್ಗಜಗ್ಗಾಟವಿದೆ. ಸುಣ್ಣ ಹೆಚ್ಚಿಸಿದಷ್ಟೂ ಒಟ್ಟು ಆಮ್ಲಜನಕ ಇಳಿಯುತ್ತದೆ, ಗಂಧಕವೂ ಇಳಿಯುತ್ತದೆ, ವರದಿ ಚೆಂದ ಕಾಣುತ್ತದೆ. ಆದರೆ ಅತಿ ಕ್ಷಾರೀಯ ಸ್ಲ್ಯಾಗ್ ಕೆಳಗೆ ಅಲ್ಯೂಮಿನಿಯಂ ಇರುವ ಉಕ್ಕು ಬಹಳ ಹೊತ್ತು ಕುದಿದರೆ ಸ್ಲ್ಯಾಗ್‌ನ ಸುಣ್ಣ ಮತ್ತು ಮೆಗ್ನೀಷಿಯಾ ಅಲ್ಪಸ್ವಲ್ಪ ಅಪಕರ್ಷಣೆಗೊಳ್ಳುತ್ತವೆ. ಬಿಡುಗಡೆಯಾದ ಮೆಗ್ನೀಷಿಯಂ ಅಲ್ಯೂಮಿನಾ ಕಣವನ್ನು ಸ್ಪಿನೆಲ್ (ಮೆಗ್ನೀಷಿಯಂ-ಅಲ್ಯೂಮಿನಿಯಂ ಆಕ್ಸೈಡ್) ಆಗಿ ಬದಲಿಸುತ್ತದೆ, ಕ್ಯಾಲ್ಸಿಯಂ ಅದನ್ನು ಕ್ಯಾಲ್ಸಿಯಂ ಅಲ್ಯೂಮಿನೇಟ್ ಗೋಲವಾಗಿ ಬದಲಿಸುತ್ತದೆ. ಈ ಗೋಲಗಳು ದ್ರವಸ್ಥಿತಿಯಲ್ಲಿರುವುದರಿಂದ ಉಕ್ಕು ಅವುಗಳನ್ನು ಅಲ್ಯೂಮಿನಾದಷ್ಟು ಸುಲಭವಾಗಿ ಹೊರದೂಡುವುದಿಲ್ಲ. ರೋಲಿಂಗ್‌ನಲ್ಲಿ ಒಡೆಯುವುದೂ ಇಲ್ಲ, ಬೇರಿಂಗ್‌ವರೆಗೆ ದುಂಡಗೇ ಉಳಿಯುತ್ತವೆ. ಆದ್ದರಿಂದ ಆಮ್ಲಜನಕ 4 ಪಿಪಿಎಂ ಬಂತೆಂದು ಸಂತೋಷಪಡುವ ಮೊದಲು ದೊಡ್ಡ ಗೋಲಗಳನ್ನು ಎಣಿಸಬೇಕು. ಎಲ್ಲರೂ ನೋಡುವ ಅಂಕಿಗಾಗಿ ಸುಣ್ಣ ಸುರಿಯುವುದಕ್ಕಿಂತ 6 ಪಿಪಿಎಂ ಒಪ್ಪಿಕೊಂಡು ದೊಡ್ಡ ಗೋಲಗಳಿಲ್ಲದ ಉಕ್ಕು ಕೊಡುವುದು ಮೇಲು.

ಇದೇ ಕಾರಣಕ್ಕೆ ಬೇರಿಂಗ್ ಉಕ್ಕಿಗೆ ಕ್ಯಾಲ್ಸಿಯಂ ತಂತಿ ಬಿಡಬಾರದು. ಬೇರೆ ಉಕ್ಕುಗಳಲ್ಲಿ ನಾಜಲ್ (ಅಚ್ಚಿಗೆ ಉಕ್ಕು ಹರಿಯುವ ಕೊಳವೆಬಾಯಿ) ಕಟ್ಟಿಕೊಳ್ಳದಿರಲು ಇದೇ ಮದ್ದು. ಇಲ್ಲಿ ನಾಜಲ್ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ದಾರಿ ಎಂದರೆ ಅಲ್ಯೂಮಿನಾವನ್ನೇ ಕಡಿಮೆ ಮಾಡುವುದು ಮತ್ತು ಗಾಳಿ ತಡೆಯುವುದು.

5. ನಿರ್ವಾತ

ಕರಗಿದ ಜಲಜನಕದ ಪ್ರಮಾಣ ಅನಿಲ ಒತ್ತಡದ ವರ್ಗಮೂಲಕ್ಕೆ ಅನುಗುಣ. ಒಂದು ವಾತಾವರಣದಲ್ಲಿ ಉಕ್ಕು ಸುಮಾರು 25 ಪಿಪಿಎಂ ಹಿಡಿಯಬಲ್ಲದಾದರೆ ಒಂದು ಮಿಲಿಬಾರ್‌ನಲ್ಲಿ 0.8 ಪಿಪಿಎಂ ಮಾತ್ರ. ಆದ್ದರಿಂದ ಒಂದು ಮಿಲಿಬಾರ್‌ಗಿಂತ ಕೆಳಗೆ 20–25 ನಿಮಿಷ ನಿಲ್ಲಿಸಿ. ಜಲಜನಕ ಇದಕ್ಕಿಂತ ಬೇಗ ಇಳಿಯುತ್ತದೆ. ಉಳಿದ ಸಮಯ ಬೇಕಿರುವುದು ಆಕ್ಸೈಡ್ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ದೊಡ್ಡದಾಗಲು.

ನಿರ್ವಾತ ಕೊಡುವ ಎರಡು ವಿಧಾನಗಳಾದ ಆರ್‌ಎಚ್ (ಉಕ್ಕನ್ನು ಮೇಲಿನ ನಿರ್ವಾತ ಪಾತ್ರೆಗೆ ಹರಿಸುವುದು) ಮತ್ತು ವಿಡಿ (ಲ್ಯಾಡಲನ್ನೇ ನಿರ್ವಾತದಲ್ಲಿ ಇಡುವುದು) ಎರಡರಲ್ಲಿ ಆಯ್ಕೆಯಿದ್ದರೆ ಆರ್‌ಎಚ್ ತೆಗೆದುಕೊಳ್ಳಿ. ಅದರಲ್ಲಿ ಉಕ್ಕು ಮೇಲಿನ ಪಾತ್ರೆಯೊಳಗೆ ಸುತ್ತಿ ಬರುತ್ತದೆ, ಲ್ಯಾಡಲ್‌ನ ಸ್ಲ್ಯಾಗ್ ಬಹುಮಟ್ಟಿಗೆ ಶಾಂತವಾಗಿರುತ್ತದೆ. ವಿಡಿಯಲ್ಲಿ ಆರ್ಗಾನ್ ರಭಸಕ್ಕೆ ಸ್ಲ್ಯಾಗ್ ಮತ್ತು ಉಕ್ಕು ಒಟ್ಟಿಗೆ ಕುದಿದು ಸ್ಲ್ಯಾಗ್ ಹನಿಗಳು ಒಳಗೆ ಸೇರುತ್ತವೆ. ಗಂಧಕ ತೆಗೆಯಲು ಅದು ಒಳ್ಳೆಯದೇ. ಆದರೆ ಸೇರಿದ ಹನಿಗಳನ್ನು ಮುಂದಿನ ಹಂತದಲ್ಲಿ ಮೇಲೆತ್ತಲೇಬೇಕು, ಹಾಗಾಗಿ ವಿಡಿ ಬಳಸುವವರು ಮೃದು ಆರ್ಗಾನ್‌ಗೆ (ಉಕ್ಕಿನೊಳಗೆ ಆರ್ಗಾನ್ ಅನಿಲವನ್ನು ಮೆಲ್ಲಗೆ ಬಿಡುವ ಮುಂದಿನ ಹಂತಕ್ಕೆ) ಹೆಚ್ಚು ಸಮಯ ಕೊಡಬೇಕು. ಆರ್‌ಎಚ್‌ನಲ್ಲೂ ಒಂದು ಬಲೆ ಇದೆ: ಪಾತ್ರೆಯ ಗೋಡೆಗೆ ಅಂಟಿ ಗಟ್ಟಿಯಾದ ಹಳೆಯ ಉಕ್ಕು ಹೀಟ್‌ಗಳ ನಡುವೆ ತುಕ್ಕಾಗಿ, ಮುಂದಿನ ಹೀಟ್‌ನಲ್ಲಿ ಕರಗಿ ಬಿದ್ದು ಆಮ್ಲಜನಕ ಕೊಡುತ್ತದೆ. ಬೇರಿಂಗ್ ಉಕ್ಕಿನ ಮುಂಚೆ ಪಾತ್ರೆಯನ್ನು ಚೆನ್ನಾಗಿ ಕಾಯಿಸಿ ಅದನ್ನು ಕರಗಿಸಿ ತೆಗೆಯಿರಿ.

6. ಮೃದು ಆರ್ಗಾನ್

ಇದನ್ನು ಉತ್ಪಾದನೆಯ ಒತ್ತಡದಲ್ಲಿ ಮೊದಲು ಮೊಟಕುಗೊಳಿಸುತ್ತಾರೆ. ಮೊಟಕುಗೊಳಿಸಲೇಬಾರದ ಹಂತವೂ ಇದೇ. ನಿಶ್ಚಲ ಉಕ್ಕಿನಲ್ಲಿ 100 ಮೈಕ್ರಾನಿನ ಅಲ್ಯೂಮಿನಾ ಕಣ ಎರಡು ಮೀಟರ್ ಮೇಲೇರಲು ಸುಮಾರು 12 ನಿಮಿಷ ಸಾಕು. ಹತ್ತು ಮೈಕ್ರಾನಿನ ಕಣಕ್ಕೆ ಅದೇ ದೂರಕ್ಕೆ ಸುಮಾರು 20 ಗಂಟೆ ಬೇಕು, ಏಕೆಂದರೆ ವೇಗ ವ್ಯಾಸದ ವರ್ಗಕ್ಕೆ ಅನುಗುಣ. ಸುಮ್ಮನೆ ನಿಲ್ಲಿಸಿದರೆ ಸಣ್ಣವು ಮೇಲೇರುವುದೇ ಇಲ್ಲ. ಸಣ್ಣ ಆರ್ಗಾನ್ ಗುಳ್ಳೆಗಳು ಅವನ್ನು ಅಂಟಿಸಿಕೊಂಡು ಒಯ್ಯಬೇಕು.

100 ಟನ್ ಲ್ಯಾಡಲ್‌ಗೆ ನಿಮಿಷಕ್ಕೆ 50–100 ಲೀಟರ್‌ನಿಂದ ಶುರುಮಾಡಿ. ಆದರೆ ಮೀಟರಿಗಿಂತ ಕಣ್ಣನ್ನು ನಂಬಿ, ಕೊಳವೆಯ ಸೋರಿಕೆಯಿಂದ ಮೀಟರ್ ಸುಳ್ಳು ಹೇಳುವುದು ಸಾಮಾನ್ಯ. ಸ್ಲ್ಯಾಗ್ ಮೇಲ್ಮೈ ಮೆಲ್ಲಗೆ ಅಲುಗಬೇಕು, ಬಾಯಿ ತೆರೆದು ಬೆಳ್ಳನೆಯ ಉಕ್ಕು ಕಾಣಬಾರದು. ಕಂಡರೆ ಗಾಳಿ ನೇರವಾಗಿ ಉಕ್ಕನ್ನು ಮುಟ್ಟುತ್ತಿದೆ, ಸ್ಲ್ಯಾಗ್ ಹನಿಗಳೂ ಒಳಗೆ ಎಳೆಯಲ್ಪಡುತ್ತಿವೆ. ಆರ್‌ಎಚ್ ನಂತರ 15–20 ನಿಮಿಷ, ವಿಡಿ ನಂತರ 20–30 ನಿಮಿಷ ಕೊಡಿ. ಈ ಅವಧಿಯಲ್ಲಿ ಮಿಶ್ರಲೋಹ, ತಂತಿ, ಇಂಗಾಲ ಏನನ್ನೂ ಸೇರಿಸಬೇಡಿ. ರಾಸಾಯನಿಕ ಸಂಯೋಜನೆಯ ತಿದ್ದುಪಡಿಯೆಲ್ಲ ನಿರ್ವಾತ ಮುಗಿಯುವ ಮೊದಲೇ ಮುಗಿದಿರಲಿ.

7. ಎರಕ: ಗಾಳಿಯನ್ನು ಹೊರಗಿಡುವುದು

ಲ್ಯಾಡಲ್‌ನಲ್ಲಿ 5 ಪಿಪಿಎಂ ಇದ್ದದ್ದು ಬ್ಲೂಮ್‌ನಲ್ಲಿ (ಅಚ್ಚಿನಿಂದ ಬರುವ ದಪ್ಪ ಉಕ್ಕಿನ ತೊಲೆಯಲ್ಲಿ) 9 ಆಗುವುದು ಇಲ್ಲಿ. ಗಾಳಿ ಹೀರಿಕೆಯನ್ನು ಅಳೆಯಲು ಸಾರಜನಕ ಒಳ್ಳೆಯ ಸಾಕ್ಷಿ: ಗಾಳಿಯಲ್ಲಿ ಅದು 78% ಇದೆ, ಉಕ್ಕಿಗೆ ಸೇರಿದ ಮೇಲೆ ಹೋಗುವುದಿಲ್ಲ. ನಿರ್ವಾತದ ನಂತರದ ಮಾದರಿಗೂ ಟಂಡಿಶ್ (ಲ್ಯಾಡಲ್ ಮತ್ತು ಅಚ್ಚಿನ ನಡುವಿನ ತೊಟ್ಟಿ) ಮಾದರಿಗೂ ಸಾರಜನಕದ ವ್ಯತ್ಯಾಸ 3 ಪಿಪಿಎಂ ಮೀರಿದರೆ ಲ್ಯಾಡಲ್ ಶ್ರೌಡ್‌ನ (ಲ್ಯಾಡಲ್‌ನಿಂದ ಟಂಡಿಶ್‌ಗೆ ಉಕ್ಕು ಇಳಿಸುವ ಕೊಳವೆಯ) ಜೋಡಣೆ ಸೋರುತ್ತಿದೆ. ಗ್ಯಾಸ್ಕೆಟ್ ಬದಲಿಸಿ, ಆರ್ಗಾನ್ ಸೀಲ್ ನೋಡಿ.

ಟಂಡಿಶ್‌ನ ಒಳಪದರ ಮೆಗ್ನೀಷಿಯಾದ್ದಾಗಿರಲಿ. ಎರಕಕ್ಕೆ ಮುಂಚೆ ಒಳಗಿನ ಗಾಳಿಯನ್ನು ಆರ್ಗಾನ್‌ನಿಂದ ತಳ್ಳಿ. ಮೇಲೆ ಹೊದಿಸಲು ಭತ್ತದ ಹೊಟ್ಟಿನ ಬೂದಿ ಮಾತ್ರ ಹಾಕಿದರೆ ಬಿಸಿ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದು ಬಹುಪಾಲು ಸಿಲಿಕಾ. ಉಕ್ಕಿನ ಅಲ್ಯೂಮಿನಿಯಂ ಆ ಸಿಲಿಕಾವನ್ನು ಅಪಕರ್ಷಿಸಿ ಹೊಸ ಅಲ್ಯೂಮಿನಾ ಮಾಡುತ್ತದೆ. ಕೆಳಗೆ ಕ್ಷಾರೀಯ ಫ್ಲಕ್ಸ್ ದ್ರವಪದರ, ಬೇಕಿದ್ದರೆ ಅದರ ಮೇಲೆ ಬೂದಿ, ಇದು ಸರಿಯಾದ ಕ್ರಮ.

ಲ್ಯಾಡಲ್ ಪೂರ್ತಿ ಬಸಿಯಬೇಡಿ. ಕೊನೆಯಲ್ಲಿ ಸುಳಿ ಎದ್ದು ಸ್ಲ್ಯಾಗ್ ಕೆಳಗಿಳಿಯುತ್ತದೆ. 2–4 ಟನ್ ಉಳಿಸಿ ಮುಚ್ಚಿ. ಟಂಡಿಶ್ ಮಟ್ಟ ಲ್ಯಾಡಲ್ ಬದಲಾಯಿಸುವಾಗಲೂ ತೀರ ಇಳಿಯಬಾರದು. ಅಚ್ಚಿನ ಮಟ್ಟದ ಏರಿಳಿತ ±3 ಮಿಲಿಮೀಟರ್ ಒಳಗಿರಲಿ, ಇಲ್ಲವಾದರೆ ಅಚ್ಚಿನ ಪುಡಿ (ಅಚ್ಚಿನಲ್ಲಿ ಉಕ್ಕಿನ ಮೇಲೆ ಹೊದಿಸುವ ಪುಡಿ) ಒಳಗೆ ಸೇರುತ್ತದೆ. ಸ್ಟಾಪರ್ (ನಾಜಲ್‌ನ ಹರಿವು ನಿಯಂತ್ರಿಸುವ ದಂಡ) ನಿಧಾನವಾಗಿ ಮೇಲೇರುತ್ತ ಹೋಗಿ ಒಮ್ಮೆಲೆ ಕುಸಿದರೆ ನಾಜಲ್‌ಗೆ ಕಟ್ಟಿಕೊಂಡಿದ್ದ ಅಲ್ಯೂಮಿನಾ ಗಡ್ಡೆ ಕಳಚಿ ಅಚ್ಚಿಗೆ ಬಿದ್ದಿದೆ. ಆ ಕ್ಷಣದ ಬ್ಲೂಮ್ ಗುರುತು ಹಾಕಿ ಬೇರೆಯಿಡಿ. ಮೊದಲ ಬ್ಲೂಮ್, ಲ್ಯಾಡಲ್ ಬದಲಾದಾಗಿನದು, ಕೊನೆಯದು ಈ ಮೂರನ್ನೂ ಬೇರಿಂಗ್ ಕೆಲಸಕ್ಕೆ ಕೊಡದೆ ಸಾಮಾನ್ಯ ದರ್ಜೆಗೆ ಇಳಿಸಿ.

ಈ ಉಕ್ಕು ಗಟ್ಟಿಯಾಗತೊಡಗುವುದು ಸುಮಾರು 1453 ಡಿಗ್ರಿಯಲ್ಲಿ. ಟಂಡಿಶ್ ಉಷ್ಣತೆ ಅದಕ್ಕಿಂತ 20–30 ಡಿಗ್ರಿ ಮಾತ್ರ ಮೇಲಿರಲಿ. ಹೆಚ್ಚಾದರೆ ನಡುವಿನಲ್ಲಿ ಇಂಗಾಲ, ಕ್ರೋಮಿಯಂ ಒಟ್ಟುಗೂಡಿ ದಪ್ಪ ಕಾರ್ಬೈಡ್ ಉಳಿಯುತ್ತದೆ, ಕಡಿಮೆಯಾದರೆ ಕಣಗಳು ಮೇಲೇರದೆ ಸಿಕ್ಕಿಬೀಳುತ್ತವೆ. ಅಚ್ಚಿನಲ್ಲೂ ಗಟ್ಟಿಯಾಗುವ ಕೊನೆಯ ಭಾಗದಲ್ಲೂ ವಿದ್ಯುತ್ಕಾಂತೀಯ ಕಲಕುವಿಕೆ, ಜೊತೆಗೆ ಮೃದು ಒತ್ತುವಿಕೆ (ಗಟ್ಟಿಯಾಗುತ್ತಿರುವ ಬ್ಲೂಮನ್ನು ರೋಲರ್‌ಗಳಿಂದ ಮೆಲ್ಲಗೆ ಒತ್ತುವುದು) ಇದ್ದರೆ ಈ ಒಟ್ಟುಗೂಡುವಿಕೆ ಕಡಿಮೆಯಾಗುತ್ತದೆ. ಉಳಿದ ಕಾರ್ಬೈಡನ್ನು ಕರಗಿಸಲು ಬ್ಲೂಮನ್ನು 1200–1240 ಡಿಗ್ರಿಯಲ್ಲಿ ಹಲವು ಗಂಟೆ ಕಾಯಿಸಿ ಇಡಬೇಕು. ರೋಲಿಂಗ್ ನಂತರ 900ರಿಂದ 700 ಡಿಗ್ರಿಯವರೆಗೆ ಬೇಗ ತಣಿಸಿದರೆ ಉಕ್ಕಿನ ಹರಳುಗಳ ಅಂಚುಗಳಲ್ಲಿ ಕಾರ್ಬೈಡ್ ಜಾಲ ಕಟ್ಟುವುದಿಲ್ಲ.

8. ಪರೀಕ್ಷೆ, ಮತ್ತು ಕಣದಿಂದ ಮೂಲಕ್ಕೆ

ಎಎಸ್‌ಟಿಎಂ ಇ45 ಅಥವಾ ಐಎಸ್‌ಒ 4967 ಪ್ರಕಾರದ ಸೂಕ್ಷ್ಮದರ್ಶಕ ಎಣಿಕೆ ನಿತ್ಯದ ಕೆಲಸಕ್ಕೆ ಬೇಕು. ಆದರೆ ಒಂದು ಮಾದರಿಗೆ ನೋಡುವುದು 160 ಚದರ ಮಿಲಿಮೀಟರ್ ಮಾತ್ರ. ಅಪರೂಪದ ದೊಡ್ಡ ಕಣ ಅಲ್ಲಿ ಸಿಗುವ ಸಾಧ್ಯತೆ ತೀರ ಕಡಿಮೆ. ಎಎಸ್‌ಟಿಎಂ ಇ2283 ಇದಕ್ಕೊಂದು ದಾರಿ ಕೊಡುತ್ತದೆ: ಆರು ಮಾದರಿ, ಪ್ರತಿಯೊಂದನ್ನೂ ನಾಲ್ಕು ಸಲ ಉಜ್ಜಿ, 24 ಮೇಲ್ಮೈಗಳಲ್ಲಿ ತಲಾ ಅತಿ ದೊಡ್ಡ ಕಣ ಅಳೆದು, ಅದರಿಂದ ಸಾವಿರ ಪಟ್ಟು ದೊಡ್ಡ ವಿಸ್ತೀರ್ಣದಲ್ಲಿ ಎಷ್ಟು ದೊಡ್ಡದು ಸಿಗಬಹುದೆಂದು ಅಂದಾಜಿಸುವುದು. ಹೊರಗಿನಿಂದ ಬಂದು ಸೇರಿದ ಸ್ಲ್ಯಾಗ್ ಅಥವಾ ಇಟ್ಟಿಗೆ ಚೂರನ್ನು ಈ ಲೆಕ್ಕವೂ ಹಿಡಿಯುವುದಿಲ್ಲ. ಅದಕ್ಕೆ ರೋಲ್ ಮಾಡಿದ ಸರಳನ್ನು ನೀರಿನಲ್ಲಿ ಮುಳುಗಿಸಿ 10 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ಅಲ್ಟ್ರಾಸೋನಿಕ್‌ನಿಂದ ಇಡೀ ಗಾತ್ರವನ್ನು ಶೋಧಿಸಬೇಕು.

ಸಿಕ್ಕ ದೊಡ್ಡ ಕಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ಸಂಯೋಜನೆ ಓದಿ. ಬರೀ ಅಲ್ಯೂಮಿನಾದ ಗೊಂಚಲಾದರೆ ತಡವಾಗಿ ಹಾಕಿದ ಅಲ್ಯೂಮಿನಿಯಂ ಅಥವಾ ಶ್ರೌಡ್‌ನಲ್ಲಿ ಗಾಳಿ. ಸುಣ್ಣ, ಅಲ್ಯೂಮಿನಾ, ಜೊತೆಗೆ ಸ್ವಲ್ಪ ಮೆಗ್ನೀಷಿಯಾ ಇರುವ ಗೋಲವಾದರೆ ಲ್ಯಾಡಲ್ ಸ್ಲ್ಯಾಗ್ ಕಡೆ ನೋಡಿ. ಸೋಡಿಯಂ, ಪೊಟ್ಯಾಸಿಯಂ ಅಥವಾ ಫ್ಲೋರಿನ್ ಕಂಡರೆ ಅಚ್ಚಿನ ಪುಡಿ. ಸಿಲಿಕಾದ ಜೊತೆ ಕ್ರೋಮಿಯಂ ಆಕ್ಸೈಡ್ ಕಂಡರೆ ಲ್ಯಾಡಲ್ ರಂಧ್ರಕ್ಕೆ ತುಂಬುವ ಮರಳು. ಮೂಲೆಗಳಿರುವ, ಕೇಸರಿ-ಗುಲಾಬಿ ಬಣ್ಣದ ನೈಟ್ರೈಡಾದರೆ ಫೆರೋಕ್ರೋಮ್ ಲಾಟ್‌ನ ದಾಖಲೆ ತೆಗೆಯಿರಿ.

ಲ್ಯಾಡಲ್ ಸ್ಲ್ಯಾಗೋ ಟಂಡಿಶ್ ಫ್ಲಕ್ಸೋ ಎಂದು ಬೇರ್ಪಡಿಸಲಾಗದಿದ್ದರೆ ಗುರುತುಕಾರಿ ಬಳಸಿ. ಒಂದು ಪ್ರಾಯೋಗಿಕ ಹೀಟ್‌ನಲ್ಲಿ ಲ್ಯಾಡಲ್ ಸ್ಲ್ಯಾಗ್‌ಗೆ ಬೇರಿಯಂ ಆಕ್ಸೈಡ್, ಟಂಡಿಶ್ ಫ್ಲಕ್ಸ್‌ಗೆ ಸ್ಟ್ರಾನ್ಷಿಯಂ ಆಕ್ಸೈಡ್ ಕೆಲವು ಶೇಕಡಾ ಬೆರೆಸಿ. ಬ್ಲೂಮ್‌ನ ಕಣದಲ್ಲಿ ಬೇರಿಯಂ ಸಿಕ್ಕರೆ ಲ್ಯಾಡಲ್ ಮುಚ್ಚುವಾಗ ಒಳಗೆ ಉಳಿಸುವ ಉಕ್ಕಿನ ತೂಕವನ್ನು ಒಂದು ಟನ್ ಹೆಚ್ಚಿಸಿ ಮತ್ತೆ ನೋಡಿ. ಸ್ಟ್ರಾನ್ಷಿಯಂ ಸಿಕ್ಕರೆ ಲ್ಯಾಡಲ್ ಬದಲಿಸುವಾಗಿನ ಟಂಡಿಶ್ ಮಟ್ಟದ ದಾಖಲೆಯನ್ನೂ, ಶ್ರೌಡ್ ಎಷ್ಟು ಆಳ ಮುಳುಗಿತ್ತೆಂಬುದನ್ನೂ ಪರಿಶೀಲಿಸಿ. ಎರಡೂ ಸಿಗದೆ ಗೋಲಗಳು ಮಾತ್ರ ಸಿಗುತ್ತಿದ್ದರೆ ಅವು ಬೆರೆತ ಸ್ಲ್ಯಾಗ್ ಹನಿಗಳಲ್ಲ, ಉಕ್ಕಿನೊಳಗೇ ಬದಲಾದ ಅಲ್ಯೂಮಿನಾ. ಆಗ ತಿದ್ದಬೇಕಾದದ್ದು ನಾಲ್ಕನೇ ಹಂತದ ಸುಣ್ಣದ ಪ್ರಮಾಣ ಮತ್ತು ಆ ಸ್ಲ್ಯಾಗ್ ಕೆಳಗೆ ಉಕ್ಕು ಕಳೆದ ಸಮಯ.